ಹೊಳೆ ಬಲ್ಲವರು ಕಡಲಿಗೆ ಹೊರಟಾಗ

ಪ್ರಶ್ನೆ: ನಮ್ಮೂರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ, ತುಂಗಭದ್ರಾ ಹಿನ್ನೀರಿನ ದಂಡೆಗಿದೆ. ನನ್ನ ತವರು ಕೊಟ್ಟೂರು. ಮಗಳಿಗೆ 11 ವರ್ಷ, ಮಗನಿಗೆ 7. ನಮ್ಮ ಮನೆಯವರು ಹಿನ್ನೀರಿನಲ್ಲೇ ಈಜು ಕಲಿತವರು. ಭಾನುವಾರ ಬಂತೆಂದರೆ ಮಗಳನ್ನು ಕರೆದುಕೊಂಡು ಹೋಗಿ ಗಾಳ ಹಾಕಿ ಕೂರುತ್ತಾರೆ. ಅವಳಿಗೂ ಅದರ ಹುಚ್ಚು ಹತ್ತಿದೆ. ಎರಡು ಜಿಲೇಬಿ ಮೀನು ಸಿಕ್ಕರೂ ಓಣಿ ತುಂಬ ಹೇಳಿಕೊಂಡು ಬರುತ್ತಾಳೆ.

ನನ್ನ ತಮ್ಮನಿಗೆ ಕಾರವಾರದಲ್ಲಿ ನೌಕರಿ. ದಸರಾ ರಜೆಗೆ ಬನ್ನಿ, ಗೆಳೆಯನ ದೋಣಿ ಇದೆ, ಮಕ್ಕಳನ್ನು ಕಡಲೊಳಗಿನ ನಡುಗಡ್ಡೆಗಳ ಸುತ್ತ ಮೀನು ಹಿಡಿಯಲು ಒಯ್ಯೋಣ ಎಂದಿದ್ದಾನೆ. ಅಂದಿನಿಂದ ಮಕ್ಕಳಿಗೆ ಬೇರೆ ಮಾತಿಲ್ಲ, ನನಗೆ ನಿದ್ದೆ ಇಲ್ಲ. ಕೂರ್ಮಗಡದ ದೋಣಿ ಮುಳುಗಿದ್ದನ್ನು ಟೀವಿಯಲ್ಲಿ ನೋಡಿದ್ದು ಇನ್ನೂ ಕಣ್ಣ ಮುಂದಿದೆ. ಹಾಗೆಂದರೆ ಇವರು ಮಕ್ಕಳ ಮುಂದೆಯೇ ನಗುತ್ತಾರೆ. ‘ನಾವು ಹೊಳಿಯಾಗ ಬೆಳದ ಮಂದಿ. ನಿಮ್ಮ ಕೊಟ್ಟೂರಾಗ ಕೊಡದಾಗಿನ ನೀರು ಕಂಡ್ರೂ ಅಂಜ್ತಾರ’ ಎನ್ನುತ್ತಾರೆ. ಈಗ ಮಗಳೂ ನನ್ನನ್ನು ‘ಅಂಜುಬುರುಕಿ’ ಎನ್ನತೊಡಗಿದ್ದಾಳೆ. ಮಗ ಬೇರೆ ತರಹ. ಅಕ್ಕ ಹಿಡಿದ ಮೀನು ಒದ್ದಾಡುವುದನ್ನು ನೋಡಿ ಅತ್ತು, ಅವತ್ತು ಊಟ ಬಿಟ್ಟ. ನನ್ನ ಅಂಜಿಕೆ ಮಕ್ಕಳಿಗೂ ಅಂಟುತ್ತಿದೆಯೇ? ಕಳಿಸದಿದ್ದರೆ ಅವರ ಆಸೆ ಮುರಿದಂತಾಗುತ್ತದೆಯೇ?

— ಹೆಸರು ಹಾಕಬೇಡಿ

ಉತ್ತರ: ತಾಯೀ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕಳಿಸಿ. ಆದರೆ ಈ ದಸರೆಗೆ ಬೇಡ, ನಡುಗಡ್ಡೆಗೆ ಬೇಡ, ನಿಮ್ಮನ್ನು ಮನೆಯಲ್ಲಿ ಬಿಟ್ಟಂತೂ ಬೇಡ.

ನಿಮ್ಮ ಅಂಜಿಕೆ ಮಕ್ಕಳಿಗೆ ಅಂಟುತ್ತದೆಯೇ ಎಂದರೆ, ಅಂಟುತ್ತದೆ. ಮಕ್ಕಳು ನಾವು ಆಡುವ ಮಾತಿಗೆ ಮೊದಲೇ ನಮ್ಮ ಮುಖ ನೋಡಿರುತ್ತಾರೆ. ಆದರೂ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಅಂಜಿಕೆಯಲ್ಲ, ಅದಕ್ಕೆ ಸಿಗುತ್ತಿರುವ ನಗೆ. ಸ್ವಲ್ಪ ಯೋಚಿಸಿ. ದೋಣಿ ಹೊರಟು ಅರ್ಧ ಗಂಟೆಯಾಗಿದೆ, ಗಾಳಿ ಎದ್ದಿದೆ, ಮಗಳಿಗೆ ಹೊಟ್ಟೆ ತೊಳಸುತ್ತಿದೆ, ಕೈ ನಡುಗುತ್ತಿದೆ. ‘ಅಪ್ಪಾ ಸಾಕು, ತಿರುಗಿ ಹೋಗೋಣ’ ಎನ್ನಬೇಕು. ಅಂದಾಳೇ? ಅಂಜಿಕೆಯಾಗುತ್ತದೆ ಎಂದವರಿಗೆ ಮನೆಯಲ್ಲಿ ಯಾವ ಹೆಸರು ಬೀಳುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು. ಆ ಹೆಸರನ್ನು ನಿಮಗೆ ಇಟ್ಟವಳು ಅವಳೇ. ನೀರಿನ ಮೇಲಿರುವಾಗ ದೊಡ್ಡವರಿಗೆ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಮಗುವಿಗೆ ಏನಾಗುತ್ತಿದೆ ಎಂಬುದು. ಅದನ್ನು ಹೇಳಬೇಕಾದ ಬಾಯನ್ನೇ ಮನೆಯ ನಗೆ ಕಟ್ಟಿಹಾಕಿದೆ. ಕಾರವಾರದ ಯೋಚನೆ ಆಮೇಲೆ, ಮೊದಲು ಇದು ಸರಿಹೋಗಬೇಕು.

ಇನ್ನು ಕೂರ್ಮಗಡ. 2019ರ ಜನವರಿ 21ರಂದು ಅಲ್ಲಿನ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಅವರಲ್ಲಿ ಹಾವೇರಿ ಜಿಲ್ಲೆಯವರು, ಅಂದರೆ ಹಡಗಲಿಯ ಆಚೆ ದಂಡೆಯ ಕಡೆಯವರು, ಹಲವರಿದ್ದರು, ಮಕ್ಕಳೂ ಇದ್ದರು. ನಮ್ಮಂತೆಯೇ ಕಡಲನ್ನು ಅಪರೂಪಕ್ಕೆ ಕಾಣುವ ಜನ. ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಮಂದಿ ಇದ್ದರೆಂದು ಆಗಿನ ವರದಿಗಳು ಹೇಳಿದವು. ಈ ಸುದ್ದಿಯಿಂದ ‘ಕಡಲು ನುಂಗುತ್ತದೆ’ ಎಂಬುದಷ್ಟನ್ನೇ ಇಟ್ಟುಕೊಂಡರೆ ಅದು ರಾತ್ರಿಯ ನಿದ್ದೆ ಕೆಡಿಸುವುದು ಬಿಟ್ಟು ಬೇರೇನೂ ಮಾಡದು. ‘ತಮ್ಮಾ, ನಿನ್ನ ಗೆಳೆಯನ ದೋಣಿಗೆ ಎಷ್ಟು ಜನ ಹತ್ತಬಹುದು? ಎಷ್ಟು ಲೈಫ್ ಜಾಕೆಟ್ ಇವೆ? ಮಕ್ಕಳ ಅಳತೆಯವು ಇವೆಯೇ? ಜನರನ್ನು ಒಯ್ಯಲು ಅದಕ್ಕೆ ಪರವಾನಗಿ ಇದೆಯೇ, ಅಥವಾ ಮೀನುಗಾರಿಕೆಗೆ ಮಾತ್ರವೇ?’ ಎಂದು ಕೇಳಿದಿರೋ, ಅದೇ ಅಂಜಿಕೆ ಕೆಲಸಕ್ಕೆ ಬಂತು. ಇವಕ್ಕೆಲ್ಲ ನಿಮ್ಮ ತಮ್ಮ ‘ಅದೆಲ್ಲ ನಡೀತದ ಬಿಡಕ್ಕಾ’ ಎಂದರೆ, ಆ ದೋಣಿ ಬೇಡ. ಪರವಾನಗಿ ಇರುವ ಬೇರೆ ದೋಣಿ ನೋಡಲಿ.

ನಿಮ್ಮ ಮನೆಯವರ ಈಜನ್ನು ನಾನು ಸಣ್ಣದು ಮಾಡುವುದಿಲ್ಲ. ಹಿನ್ನೀರಿನಲ್ಲಿ ಎಲ್ಲಿ ಮುಳುಗಿದ ಮರದ ಬೊಡ್ಡೆ ಇದೆ, ಎಲ್ಲಿ ಕೆಸರು ಕಾಲು ಹಿಡಿಯುತ್ತದೆ ಎಂಬುದನ್ನು ಯಾವ ಪುಸ್ತಕವೂ ಕಲಿಸದು. ಆದರೆ ಅರಬೈಲ್ ಘಟ್ಟ ಇಳಿದ ಮೇಲೆ ಆ ತಿಳಿವಳಿಕೆಯ ಅರ್ಧ ಭಾಗ ನಡೆಯುವುದಿಲ್ಲ. ಹಿನ್ನೀರು ಏರಿಳಿಯುವುದು ತಿಂಗಳುಗಳ ಲೆಕ್ಕದಲ್ಲಿ. ಮಲೆನಾಡಿನಲ್ಲಿ ಮಳೆ ಹಿಡಿದರೆ ತುಂಬುತ್ತದೆ, ಬೇಸಿಗೆಗೆ ಸರಿದು ಮುಳುಗಿದ್ದ ಹೊಲ ಬಿಟ್ಟುಕೊಡುತ್ತದೆ. ಕಡಲು ಆರು ಗಂಟೆ ಚಿಲ್ಲರೆಯಲ್ಲಿ ಏರಿ, ಮತ್ತೆ ಅಷ್ಟೇ ಹೊತ್ತಿನಲ್ಲಿ ಇಳಿಯುತ್ತದೆ. ದಿನಕ್ಕೆ ಎರಡು ಸಲ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ. ಹುಣ್ಣಿಮೆ, ಅಮಾವಾಸ್ಯೆಗೆ ಏರಿಳಿತ ಇನ್ನೂ ಜೋರು. ಹೊಳೆಯ ಸೆಳವು ಒಂದೇ ದಿಕ್ಕಿಗೆ, ಅಡ್ಡ ಈಜಿದರೆ ಎಲ್ಲೋ ಒಂದು ಕಡೆ ದಂಡೆ ಸಿಗುತ್ತದೆ. ಕಡಲ ತೀರದಲ್ಲಿ ಅಲೆಗಳು ತಂದು ಸುರಿದ ನೀರು ಕಿರಿದಾದ ಜಾಡೊಂದನ್ನು ಹಿಡಿದು ಹಿಂದಕ್ಕೆ ಓಡುತ್ತದೆ. ಆ ಜಾಡಿನಲ್ಲಿ ಅಲೆ ಒಡೆಯುವುದು ಕಡಿಮೆ, ನೋಡಲು ಅಲ್ಲೇ ನೀರು ಶಾಂತ. ಘಟ್ಟದ ಮೇಲಿನವರು ‘ಇಲ್ಲಿ ಅಲೆ ಇಲ್ಲ’ ಎಂದುಕೊಂಡು ಮಕ್ಕಳನ್ನು ಸರಿಯಾಗಿ ಅಲ್ಲಿಗೇ ಇಳಿಸುತ್ತಾರೆ. ಅದರಲ್ಲಿ ಸಿಕ್ಕಿಕೊಂಡವರು ದಂಡೆಯತ್ತ ಎದುರು ಈಜಿ ಸುಸ್ತಾಗಬಾರದು. ದಂಡೆಯ ಉದ್ದಕ್ಕೆ, ಪಕ್ಕಕ್ಕೆ ಈಜಿ ಜಾಡಿನಿಂದ ಹೊರಬರಬೇಕು. ಆಗದಿದ್ದರೆ ಬೆನ್ನ ಮೇಲೆ ತೇಲುತ್ತಾ ಕೈ ಎತ್ತಬೇಕು. ಇದನ್ನು ನಿಮ್ಮ ಮನೆಯವರಿಗೆ ಯಾರೂ ಕಲಿಸಿರಲಿಕ್ಕಿಲ್ಲ, ಹೊಳೆಯಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಮುರ್ಡೇಶ್ವರಕ್ಕೆ ಪ್ರವಾಸ ಬಂದ ನಾಲ್ವರು ಹುಡುಗಿಯರು ನೀರುಪಾಲಾದರು. ಮೀನಿನ ಗುಂಗಿನಲ್ಲಿ ದೋಣಿಯ ಬಗ್ಗೆಯಷ್ಟೇ ಯೋಚಿಸಿ, ಸಂಜೆ ದಂಡೆಯಲ್ಲಿ ಮಕ್ಕಳನ್ನು ಬಿಟ್ಟುಬಿಡಬೇಡಿ.

ಹಾಗೆಂದು ಕಡಲನ್ನೇ ಭೂತ ಮಾಡುವುದೂ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. 5ರಿಂದ 14 ವರ್ಷದ ಮಕ್ಕಳ ಸಾವಿನ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಅದಕ್ಕೆ ಕಡಲೇ ಬೇಕಿಲ್ಲ. ಕೂಡ್ಲಿಗಿ, ಕೊಟ್ಟೂರಿನಂಥ ಒಣ ಸೀಮೆಯಲ್ಲಿ ಮಕ್ಕಳಿಗೆ ಈಜು ಕಲಿಯಲು ನೀರೇ ಸಿಗುವುದಿಲ್ಲ. ಒಂದು ವರ್ಷ ಒಳ್ಳೆಯ ಮಳೆಯಾಗಿ ಕೆರೆ ತುಂಬಿದರೆ ಅದೇ ಮಕ್ಕಳು ಮೊದಲ ಸಲ ಇಳಿಯುತ್ತಾರೆ. ಹೊಲದ ಕೃಷಿ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಎಷ್ಟು ಜಾರುತ್ತದೆಂದರೆ ಈಜು ಬಲ್ಲ ಗಂಡಸರಿಗೂ ಹತ್ತಿ ಬರುವುದು ಕಷ್ಟ. ಹಡಗಲಿ, ಹರಪನಹಳ್ಳಿಯ ಹೊಳೆ ದಂಡೆಯ ಊರುಗಳಲ್ಲಿ ‘ನಮ್ಮ ಹುಡುಗರಿಗೆ ನೀರು ಹೊಸದಲ್ಲ’ ಎಂಬ ಮಾತಿದೆ. ಆ ಮಾತಿಗೂ ನನ್ನ ಒಪ್ಪಿಗೆ ಅರ್ಧವೇ. ಮುಳುಗುವ ಮಗು ಸಿನಿಮಾದಲ್ಲಿ ಕೂಗುವ ಹಾಗೆ ಕೂಗುವುದಿಲ್ಲ, ಸದ್ದಿಲ್ಲದೆ ಹೋಗುತ್ತದೆ.

ನಡುಗಡ್ಡೆ ಯಾಕೆ ಬೇಡ ಎನ್ನುತ್ತೇನೆಂದರೆ, ಅದರ ಸುತ್ತ ಮೀನು ಸಿಗಲು ಇರುವ ಕಾರಣವೇ ಮಕ್ಕಳಿಗೆ ಆಗಿಬರದ ಕಾರಣ. ಬಂಡೆಯ ಸಂದಿಗಳಲ್ಲಿ ಮುರು, ಕೆಂಬೇರಿಯಂಥ ಮೀನು ಅಡಗಿರುತ್ತವೆ. ಅದೇ ಬಂಡೆಗೆ ಅಲೆ ಬಡಿದು ವಾಪಸ್ ಬರುವಾಗ ದೋಣಿ ಎತ್ತಲೆತ್ತಲೋ ತೂಗುತ್ತದೆ, ಎಸೆದ ಗಾಳ ಎರಡು ಸಲಕ್ಕೊಮ್ಮೆ ಕಲ್ಲಿಗೆ ಸಿಕ್ಕುತ್ತದೆ. ಅಪ್ಪ ತಂಗೂಸಿ ಬಿಡಿಸುತ್ತಾ ಕೂತರೆ ಮಕ್ಕಳನ್ನು ನೋಡುವವರಾರು? ಕಾರವಾರದ ಎದುರು ಕೂರ್ಮಗಡವಿದೆ, ದೀಪಸ್ತಂಭವಿರುವ ದೇವಗಡವಿದೆ. ಅಂಜುದೀವ ನೌಕಾಪಡೆಯ ವಶದಲ್ಲಿದೆ, ಅತ್ತ ಸುಳಿಯುವ ಹಾಗೇ ಇಲ್ಲ. ದಕ್ಷಿಣಕ್ಕೆ ಮುರ್ಡೇಶ್ವರದಾಚೆಯ ನೇತ್ರಾಣಿ ತೆರೆದ ಕಡಲಿನಲ್ಲಿದೆ, ಅದು ಮುಳುಗು ಈಜು ಕಲಿತ ದೊಡ್ಡವರ ಜಾಗ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸಿ ದೋಣಿ ಹೋಗುತ್ತದೆ. ಕಂಬ ನಿಲ್ಲಿಸಿದಂತಿರುವ ಅಲ್ಲಿನ ಬಂಡೆಗಳನ್ನು ಮಕ್ಕಳು ನೋಡಿ ಬರಲಿ, ಗಾಳ ಬೇಡ.

ಉಪ್ಪುನೀರಿನ ಮೀನು ಹಿಡಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕಾಳಿ ನದಿ ಕಡಲು ಸೇರುವ ಮೊದಲು ಅಗಲವಾಗಿ ಹರಡಿಕೊಂಡಿದೆ. ಅಲ್ಲಿಗೆ ದಿನಕ್ಕೆ ಎರಡು ಬಾರಿ ಕಡಲ ನೀರು ಏರಿ ಬರುತ್ತದೆ, ದಂಡೆಯಲ್ಲಿ ಕಾಂಡ್ಲಾ ಗಿಡಗಳಿವೆ, ಕಾಣೆ, ಕೆಂಬೇರಿ ಮರಿ, ಏಡಿ ಎಲ್ಲ ಇವೆ. ಒಂದೇ ಒಂದು ಎಚ್ಚರ: ನದಿ ಕಡಲಿಗೆ ಬೀಳುವ ಅಳಿವೆ ಬಾಯಿಯ ಹತ್ತಿರ ಹೋಗಬಾರದು. ಇಳಿತದ ಹೊತ್ತಿನಲ್ಲಿ ಹೊರಗೆ ನುಗ್ಗುವ ನೀರಿಗೂ ಒಳಗೆ ಬರುವ ಅಲೆಗೂ ಅಲ್ಲಿ ಜಗಳ. ಪಳಗಿದ ಮೀನುಗಾರರ ದೋಣಿಗಳೂ ಮಗುಚುವುದು ಅಂಥಲ್ಲೇ. ಒಳಗೆ, ಸದ್ದಿಲ್ಲದ ನೀರಿನಲ್ಲಿ ಕೂತರೆ ಸಾಕು. ದೋಣಿಯೇ ಬೇಡವೆನಿಸಿದರೆ ದಂಡೆಯಿಂದಲೇ ದಾರಕ್ಕೆ ಮೀನಿನ ತಲೆ ಕಟ್ಟಿ ಇಳಿಬಿಡಿ. ಏಡಿ ಹಿಡಿದುಕೊಂಡಾಗ ಮೆಲ್ಲಗೆ ಎಳೆದು ಬುಟ್ಟಿಯಲ್ಲಿ ಹಿಡಿಯುವುದು ನಿಮ್ಮ ಮಗನಿಗೂ ಬಂದೀತು, ಅದರಲ್ಲಿ ಗಾಳವೂ ಇಲ್ಲ.

ಇನ್ನೊಂದು ಜಾಗ ಕುಮಟಾದ ಕಡೆಯ ಅಘನಾಶಿನಿ ಅಳಿವೆ. ಇಳಿತದಲ್ಲಿ ಮರಳು ತೇಲಿದಾಗ ಹೆಂಗಸರು ಮಕ್ಕಳು ಸೇರಿ ಬಳಚು ಆರಿಸುವ ಊರುಗಳು ಅಲ್ಲಿವೆ. ಮಗಳಿಗೆ ಒಂದು ಮಾತು ಹೇಳಿ: ನಿಮ್ಮ ತಾಲ್ಲೂಕಿನದೇ ಆದ ಅಂಕಸಮುದ್ರದ ಪಕ್ಷಿಧಾಮದ ಕೆರೆ ಮತ್ತು ಈ ಅಘನಾಶಿನಿ ಅಳಿವೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಬಂದದ್ದು ಒಂದೇ ಸಲ, 2024ರ ಜನವರಿ ಕೊನೆಯಲ್ಲಿ. ಹಕ್ಕಿ ನೋಡಲು ಸೈಕಲ್ ಮೇಲೆ ಹೋಗಬಹುದಾದ ಕೆರೆಗೂ ಕಡಲಿನ ಬಾಯಿಗೂ ಹೀಗೊಂದು ನಂಟು ಇದೆಯೆಂದು ತಿಳಿದರೆ ನಡುಗಡ್ಡೆ ತಪ್ಪಿದ ಬೇಸರ ಸ್ವಲ್ಪವಾದರೂ ಕಡಿಮೆಯಾದೀತು. ಅವಳ ವಯಸ್ಸಿನವರಿಗೆ ಇಂಥ ಸಂಗತಿ ಹಿಡಿಸುತ್ತದೆ, ದೊಡ್ಡವರು ಸುಮ್ಮನೆ ಅವರನ್ನು ಕಡೆಗಣಿಸುತ್ತೇವೆ.

ದಸರೆ ಬೇಡ ಎಂದದ್ದಕ್ಕೆ ಕಾರಣ ಗಾಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ, ಅದು ಮುಗಿದೊಡನೆ ಕಡಲು ಹದವಾಯಿತೆಂದು ಜನ ತಿಳಿಯುತ್ತಾರೆ. ಅಕ್ಟೋಬರ್‌ನಲ್ಲೂ ಅರಬ್ಬಿ ಕಡಲಿನಲ್ಲಿ ಚಂಡಮಾರುತ ಏಳುವುದುಂಟು. 2019ರ ಅಕ್ಟೋಬರ್ ಕೊನೆಗೆ ಕ್ಯಾರ್ ಬಂದಾಗ ಕರಾವಳಿಯ ದೋಣಿಗಳೆಲ್ಲ ಬಂದರು ಸೇರಿ ಕೂತಿದ್ದವು. ಡಿಸೆಂಬರ್, ಜನವರಿ ಒಳ್ಳೆಯದು. ಶಾಲೆಗೆ ಎರಡು ದಿನ ರಜೆ ಹಾಕಿದರೆ ಆಕಾಶವೇನೂ ಬೀಳದು. ಬೆಳಗ್ಗೆ ಹೊರಟು, ಕಡಲ ಗಾಳಿ ಬಲವಾಗುವ ಮೊದಲು, ಹತ್ತೂವರೆಯೊಳಗೆ ದಂಡೆಗೆ ಬರಬೇಕು. ಹೊರಡುವ ಮುನ್ನ ಹವಾಮಾನ ಇಲಾಖೆಯ ಮೀನುಗಾರರ ಮುನ್ನೆಚ್ಚರಿಕೆ ಏನಿದೆ ನೋಡಿ. ಕರಾವಳಿ ಕಾವಲು ಪಡೆಯ 1554, ಕರಾವಳಿ ಪೊಲೀಸರ 1093, ಎರಡೂ ಸಂಖ್ಯೆ ಎಲ್ಲರ ಮೊಬೈಲ್‌ನಲ್ಲಿರಲಿ. ಯಲ್ಲಾಪುರ ದಾಟಿ ಘಟ್ಟದ ತಿರುವುಗಳಲ್ಲಿ ವಾಂತಿ ಮಾಡುವ ಮಗು ದೋಣಿಯಲ್ಲೂ ಮಾಡುತ್ತದೆ. ಹಾಗಾದರೆ ಮೊದಲೇ ವೈದ್ಯರನ್ನು ಕೇಳಿ. ಹೊಟ್ಟೆ ಬಿರಿಯುವಷ್ಟು ತಿನ್ನಿಸಿಯೂ ಹತ್ತಿಸಬೇಡಿ, ಉಪವಾಸವೂ ಬೇಡ.

ಜಾಕೆಟ್ ವಿಷಯದಲ್ಲಿ ಚೌಕಾಸಿ ಇಲ್ಲ. ದೊಡ್ಡವರ ಜಾಕೆಟ್ಟನ್ನು ಮಗುವಿಗೆ ಹಾಕಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಕಟ್ಟಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡಿ. ಗದ್ದ, ಕಿವಿಯವರೆಗೆ ಬಂದರೆ ಅದು ಅಳತೆಯದಲ್ಲ. ಕಾಲಸಂದಿಯ ಪಟ್ಟಿ ಇರುವುದು ಇನ್ನೂ ಒಳ್ಳೆಯದು. ನಿಮ್ಮ ಮನೆಯವರೂ ತೊಡಬೇಕು. ‘ನನಗೆ ಈಜು ಬರ್ತದ’ ಎಂದರೆ, ಮಕ್ಕಳನ್ನು ಉಳಿಸಲು ಹಾರಿದ ಈಜುಗಾರ ಅಪ್ಪಂದಿರೇ ಎಷ್ಟೋ ಸಲ ತಿರುಗಿ ಬರುವುದಿಲ್ಲ ಎಂದು ಹೇಳಿ. ಕಟುವಾಗಿ ಕೇಳಿಸುತ್ತದೆ, ಆದರೂ ಹೇಳಿ.

ಈಗ ನಾನು ಎಲ್ಲಕ್ಕಿಂತ ಮುಖ್ಯವೆಂದುಕೊಂಡ ಕರಾರು. ದೋಣಿಯವರೂ ಸೇರಿ ಎಲ್ಲರ ಎದುರು, ಹತ್ತುವ ಮೊದಲೇ ಮಾತಾಗಲಿ: ಯಾರೇ ಒಬ್ಬರು ‘ಸಾಕು’ ಎಂದರೂ ದೋಣಿ ತಿರುಗಬೇಕು. ಯಾಕೆಂದು ಕೇಳುವಂತಿಲ್ಲ, ಊರಿಗೆ ಬಂದ ಮೇಲೆ ಹೇಳಿ ನಗುವಂತಿಲ್ಲ. 7 ವರ್ಷದವನ ‘ಸಾಕು’ ಕೂಡ ‘ಸಾಕು’ ಅಷ್ಟೇ. ಅವನು ಹತ್ತೇ ನಿಮಿಷಕ್ಕೆ, ಈ ದೊಡ್ಡವರು ಮಾತು ಉಳಿಸಿಕೊಳ್ಳುತ್ತಾರೋ ನೋಡೋಣವೆಂದು, ಪರೀಕ್ಷೆಗೂ ಹಾಗೆ ಹೇಳಿಯಾನು. ಆಗಲೂ ತಿರುಗಿಸಿ. ದೋಣಿಯ ದುಡ್ಡು ಹೋಯಿತೆಂದು ಗೊಣಗಬೇಡಿ. ಎರಡನೆಯ ಸಲ ಹತ್ತುವಾಗ ಅವನು ನಿಮ್ಮನ್ನು ನಂಬಿ ಹತ್ತುತ್ತಾನೆ. ಇದನ್ನು ಕಾರವಾರದವರೆಗೆ ಕಾಯಿಸಬೇಕಿಲ್ಲ, ಮುಂದಿನ ಭಾನುವಾರ ಹಿನ್ನೀರಿನ ದಂಡೆಯಲ್ಲೇ ಶುರು ಮಾಡಿ. ಅವತ್ತು ನೀವೂ ಹೋಗಿ. ಸೊಂಟದ ನೀರಿನಲ್ಲಿ ಜಾಕೆಟ್ ತೊಡಿಸಿ ಇಬ್ಬರನ್ನೂ ಬೆನ್ನ ಮೇಲೆ ತೇಲಿಸಲಿ, ನಿಮ್ಮ ಮನೆಯವರೇ ಕಲಿಸಲಿ. ನಿಮ್ಮನ್ನೂ ತೇಲಿಸಲಿ. ನಗುವುದಕ್ಕಿಂತ ಕಲಿಸುವ ಕೆಲಸ ಸಿಕ್ಕರೆ ಗಂಡಸರು ಬೇಗ ದಾರಿಗೆ ಬರುತ್ತಾರೆ ಎಂಬುದು ನನ್ನ ಅನುಭವ.

ಮಗನ ಅಳುವನ್ನು ನೀವು ಪತ್ರದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ನನಗೆ ಅದು ಸಣ್ಣದೆನಿಸಲಿಲ್ಲ. ಅವನು ಕಂಡದ್ದು ನಿಜವೇ. ಜಿಲೇಬಿ ಮೀನು ಗಟ್ಟಿ ಜೀವ, ದಂಡೆಗೆ ಎಸೆದರೆ ಬಹಳ ಹೊತ್ತು ಒದ್ದಾಡುತ್ತದೆ. ‘ಗಂಡ್ಸಾಗಿ ಅಳ್ತೀಯೇನಲೇ’ ಎಂದು ಯಾರಾದರೂ ಅಂದಿದ್ದರೆ ಆ ಮಾತು ಅಲ್ಲಿಗೇ ನಿಲ್ಲಲಿ. ತಿನ್ನುವ ಮೀನಾದರೆ ತಲೆಯ ಮೇಲೆ ಒಂದೇ ಪೆಟ್ಟು ಕೊಟ್ಟು ಬೇಗ ಮುಗಿಸುವುದನ್ನು ಅಪ್ಪ ರೂಢಿ ಮಾಡಿಕೊಳ್ಳಲಿ. ಬಿಡುವ ಮರಿಯಾದರೆ ಕೈ ಒದ್ದೆ ಮಾಡಿಕೊಂಡು ಹಿಡಿದು ತಕ್ಷಣ ನೀರಿಗೆ ಬಿಡಬೇಕು. ಯಾವುದನ್ನು ಬಿಡಬೇಕೆಂಬ ತೀರ್ಮಾನ ಮಗನದಾಗಿರಲಿ. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರೆ ಮೀನಿನ ಬಾಯಿಯಿಂದಲೂ ಮಕ್ಕಳ ಬೆರಳಿನಿಂದಲೂ ಸುಲಭಕ್ಕೆ ಬರುತ್ತದೆ. ಇಷ್ಟಾದ ಮೇಲೂ ಅವನು ಮೀನು ತಿನ್ನುವುದಿಲ್ಲ ಎಂದರೆ ಬಿಡಿ, ಒತ್ತಾಯ ಬೇಡ. ಕಡಲಿನ ಮೀನಿಗೆ ಮಾತ್ರ ಇನ್ನೊಂದು ನಿಯಮ: ಹೆಸರು ಗೊತ್ತಿಲ್ಲದ್ದನ್ನು ದೋಣಿಯವರಿಗೆ ತೋರಿಸದೆ ಮುಟ್ಟುವಂತಿಲ್ಲ. ತೊರಕೆಯ ಬಾಲದಲ್ಲಿ ನಂಜಿನ ಮುಳ್ಳಿರುತ್ತದೆ, ಮೀಸೆಯ ಮೀನುಗಳ ರೆಕ್ಕೆಯ ಮುಳ್ಳೂ ಹಾಗೇ. ಚುಚ್ಚಿದರೆ ತಾಳಬಹುದಾದಷ್ಟು ಬಿಸಿ ನೀರಿನಲ್ಲಿ ಕೈ ಇಟ್ಟು ಆಸ್ಪತ್ರೆಗೆ ಒಯ್ಯಿರಿ. ಚೆಂಡಿನಂತೆ ಉಬ್ಬುವ ಮೀನನ್ನು ತಿನ್ನಲೇಬಾರದು.

ಈ ಅಂಕಣವನ್ನು ಕತ್ತರಿಸಿ ನಿಮ್ಮ ಮನೆಯವರ ತಟ್ಟೆಯ ಪಕ್ಕ ಇಡಬೇಡಿ. ಪತ್ರಿಕೆಯವರು ಹೀಗೆ ಬರೆದಿದ್ದಾರೆ ಎಂದರೆ ಮತ್ತೊಂದು ನಗೆ ಗ್ಯಾರಂಟಿ. ಮಕ್ಕಳು ಮಲಗಿದ ಮೇಲೆ, ‘ನೀವು ಮಕ್ಕಳ ಮುಂದೆ ನಕ್ಕರೆ ಅವರು ನಾಳೆ ನಿಮಗೂ ತಮ್ಮ ಅಂಜಿಕೆ ಹೇಳುವುದಿಲ್ಲ’ ಎಂದು ನಿಮ್ಮ ಮಾತಿನಲ್ಲೇ ಹೇಳಿ. ಮಗಳಿಗೆ ‘ಇಲ್ಲ’ ಎನ್ನುವ ಬದಲು ಕೆಲಸ ಕೊಡಿ: ಜನವರಿಯ ಯಾವ ಭಾನುವಾರ ಎಷ್ಟು ಹೊತ್ತಿಗೆ ನೀರು ಏರುತ್ತದೆ ಎಂದು ಮಾಮನಿಗೆ ಫೋನ್ ಮಾಡಿ ಕೇಳಿ ಬರೆದಿಡಲಿ, ಹೋಗುವ ದಿನ ಅವಳೇ ಆರಿಸಲಿ. ಅದೇ ಫೋನಿನಲ್ಲಿ ಇಬ್ಬರ ತೂಕ ಮತ್ತು ಎದೆಯ ಸುತ್ತಳತೆಯನ್ನೂ ತಮ್ಮನಿಗೆ ಬರೆಸಿಬಿಡಿ. ಮಕ್ಕಳ ಅಳತೆಯ ಜಾಕೆಟ್ ಹೊರಡುವ ದಿನ ಹುಡುಕಿದರೆ ಸಿಗುವುದಿಲ್ಲ.